ಸಿರಾಗ್ರಂಥಿ, ಸಿರಾವ್ಯಧ ಮತ್ತು ಜೈನ ವೈದ್ಯಗ್ರಂಥಗಳು: ಕಾಲಿನ ನರಗಳ ಚಿಕಿತ್ಸೆಯ ಇತಿಹಾಸದ ಒಂದು ವಿವೇಚನೆ

ಕನ್ನಡನಾಡಿನ ಬಸದಿ ಮಠಗಳ ಓಲೆಗರಿಯ ಕಟ್ಟುಗಳಲ್ಲಿ ಸಿದ್ಧಾಂತ, ಪುರಾಣ, ವ್ಯಾಕರಣಗಳ ಪಕ್ಕದಲ್ಲಿಯೇ ವೈದ್ಯಗ್ರಂಥಗಳೂ ಉಳಿದುಬಂದಿರುವುದು ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ೧೯೪೮ರಲ್ಲಿ ಹೊರತಂದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಬಳಸಿದವರೆಲ್ಲರೂ ಇದನ್ನು ಬಲ್ಲರು. ಆದರೆ ಸಿದ್ಧಾಂತಗ್ರಂಥಗಳನ್ನು ಓದುವ ಎಚ್ಚರದಿಂದ ವೈದ್ಯಗ್ರಂಥಗಳನ್ನು ಓದುವ ವಾಡಿಕೆ ಬೆಳೆದಿಲ್ಲ. ಗರಿಯೊಂದರಲ್ಲಿ ರೋಗನಾಮ ಕಂಡೊಡನೆ ಅದಕ್ಕೆ ಇಂದಿನ ಒಂದು ರೋಗದ ಹೆಸರನ್ನು ಹೊಂದಿಸಿ ಸೂಚಿಯಲ್ಲಿ ಬರೆದುಬಿಡುವುದು ಸುಲಭ. ಆ ಹೊಂದಿಕೆ ನಿಲ್ಲುವುದೇ ಎಂದು ಪರೀಕ್ಷಿಸುವುದು ಕಷ್ಟ. ಈ ಕಷ್ಟಕ್ಕೆ ಕಾಲಿನ ನರಗಳ ವಿಷಯವು ಒಳ್ಳೆಯ ನಿದರ್ಶನವಾಗಿದೆ.

ಮೊದಲು ವಿಷಯದ ಸ್ವರೂಪ ಸ್ಪಷ್ಟವಾಗಬೇಕು. ತೊಡೆ, ಮೊಣಕಾಲಿನ ಹಿಂಬದಿ, ಹರಡಿನ ಸುತ್ತ ಚರ್ಮದಲ್ಲಿ ಜೇಡರ ಬಲೆಯಂತೆ ಹಬ್ಬಿ ಕಾಣುವ ಕೆಂಪು ಅಥವಾ ನೀಲಿ ಎಳೆನರಗಳು ಒಂದು ಬಗೆ. ಇವು ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪದವು, ಸಾಮಾನ್ಯವಾಗಿ ಅಪಾಯವಿಲ್ಲದವು. ಹಗ್ಗದಂತೆ ಉಬ್ಬಿ, ಸುತ್ತಿ, ಗಂಟುಗಂಟಾಗಿ ಕಾಣುವ ದಪ್ಪ ನರಗಳು ಇನ್ನೊಂದು ಬಗೆ. ಇವು ಮೂರು ಮಿಲಿಮೀಟರಿಗೆ ಕಡಿಮೆಯಿಲ್ಲದೆ ಹಿಗ್ಗಿರುತ್ತವೆ. ಬಾವು, ಚರ್ಮವಿಕಾರ, ವ್ರಣಗಳಿಗೂ ಎಡೆಮಾಡಿಕೊಡಬಲ್ಲವು. ಕಾಲಿನ ರಕ್ತವು ಮೇಲಕ್ಕೆ ಏರುವಾಗ ಹಿಂದಕ್ಕೆ ಜಾರದಂತೆ ಸಿರೆಗಳ ಒಳಗೆ ಕವಾಟಗಳಿವೆ. ಅವು ಶಿಥಿಲವಾದಾಗ ರಕ್ತವು ಕೆಳಗೆ ನಿಂತು ಸಿರೆಗಳು ಹಿಗ್ಗುತ್ತವೆ. ವಂಶಪಾರಂಪರ್ಯ, ಗರ್ಭಧಾರಣೆ, ವಯಸ್ಸು, ದೀರ್ಘಕಾಲ ನಿಂತೇ ಮಾಡುವ ಕೆಲಸ ಇವೆಲ್ಲ ಈ ವಿಕಾರಕ್ಕೆ ನೆರವಾಗುತ್ತವೆ. ಈ ಎರಡು ಬಗೆಗಳನ್ನು ಬೇರೆಬೇರೆಯಾಗಿ ಇರಿಸಿಕೊಳ್ಳದಿದ್ದರೆ ಹಳೆಯ ಗ್ರಂಥಗಳ ಸಾಕ್ಷ್ಯವು ಗೊಂದಲಕ್ಕೆ ಈಡಾಗುತ್ತದೆ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿಗಳು ಐದು: ವಾತ, ಪಿತ್ತ, ಕಫ, ಮೇದಸ್ಸು, ಸಿರೆ ಇವುಗಳಿಂದ ಹುಟ್ಟುವವು. ಕೊನೆಯದೇ ಸಿರಾಗ್ರಂಥಿ. ದುರ್ಬಲನಾದವನು ಅತಿಯಾಗಿ ವ್ಯಾಯಾಮ ಮಾಡಿದಾಗ ವಾಯುವು ಸಿರೆಗಳನ್ನು ಹಿಂಡಿ ಕುಗ್ಗಿಸಿ ಗಂಟನ್ನು ಉಂಟುಮಾಡುತ್ತದೆಂದು ಅಲ್ಲಿನ ವಿವರಣೆ. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಗ್ರಂಥಿಗಳ ಸಂಖ್ಯೆ ಒಂಬತ್ತಕ್ಕೆ ಏರುತ್ತದೆ. ಸಿರಾಗ್ರಂಥಿಯ ಕಾರಣವೂ ಹೆಚ್ಚು ನಿರ್ದಿಷ್ಟವಾಗುತ್ತದೆ. ಕಾಲ್ನಡಿಗೆಯಲ್ಲಿ ಬಂದವನು ಥಟ್ಟನೆ ನೀರಿಗೆ ಇಳಿದರೆ, ಅಥವಾ ಆಯಾಸದಿಂದ ಬಳಲಿದರೆ, ವಾಯುವು ರಕ್ತಸಹಿತವಾದ ಸಿರಾಜಾಲವನ್ನು ಪೀಡಿಸಿ, ವಕ್ರಗೊಳಿಸಿ, ಒಣಗಿಸಿ, ಮಿಡಿತವಿಲ್ಲದ ನೋವಿಲ್ಲದ ಗಂಟನ್ನು ಮಾಡುತ್ತದೆಂದು ಅವನು ಹೇಳುತ್ತಾನೆ. ನಡಿಗೆಯನ್ನೂ ಸಿರೆಯ ವಕ್ರತೆಯನ್ನೂ ಕೂಡಿಸಿ ಹೇಳಿರುವುದರಿಂದ ಅವನ ಕಣ್ಣ ಮುಂದೆ ಕಾಲಿನ ನರಗಳೇ ಇದ್ದುವೆಂದು ಊಹಿಸಲು ಆಧಾರವಿದೆ. ಹೊಸದಾಗಿ ಹುಟ್ಟಿದ ಸಿರಾಗ್ರಂಥಿಗೆ ಸಹಚರತೈಲದ ಪಾನ, ವಾತಹರ ದ್ರವ್ಯಗಳ ಉಪನಾಹ, ಬಸ್ತಿ, ಸಿರಾವ್ಯಧ ಇವು ವಾಗ್ಭಟೋಕ್ತ ಚಿಕಿತ್ಸೆ. ಸಹಚರವೆಂದರೆ ಮುಳ್ಳುಗೋರಂಟೆ.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ಸಿರಾಗ್ರಂಥಿಯು ‘ಗ್ರಂಥಿ’ಯೇ ಹೊರತು ಎಳೆನರವಲ್ಲ. ನೋವಿಲ್ಲದೆ, ಅಲುಗದೆ, ದೊಡ್ಡದಾಗಿ, ಮರ್ಮಸ್ಥಾನದಲ್ಲಿ ಬೆಳೆದ ಸಿರಾಗ್ರಂಥಿಯನ್ನು ಸುಶ್ರುತನು ಅಸಾಧ್ಯವೆಂದು ಬಿಟ್ಟುಬಿಡುತ್ತಾನೆ. ಚರ್ಮದಲ್ಲಿನ ನೀಲಿ ಗೆರೆಗಳಿಗೆ ಇಂತಹ ಸಾಧ್ಯಾಸಾಧ್ಯವಿಚಾರವೇ ಹೊಂದುವುದಿಲ್ಲ. ಎರಡು, ‘ಸಿರಾಜಾಲ’ವೆಂಬ ಪದ ಕಂಡ ಮಾತ್ರಕ್ಕೆ ಕಾಲಿನ ಬಲೆನರವೆಂದು ತಿಳಿಯುವುದು ದುಡುಕು. ಸುಶ್ರುತನ ಉತ್ತರತಂತ್ರದಲ್ಲಿ ಅದು ಕಣ್ಣಿನ ಬಿಳಿಗುಡ್ಡೆಯಲ್ಲಿ ಕೆಂಪು ನರಗಳು ಬಲೆಯಂತೆ ಹರಡುವ ಒಂದು ನೇತ್ರರೋಗದ ಹೆಸರು. ಶಾಲಾಕ್ಯದ ಪ್ರಕರಣವೋ ಶಲ್ಯದ ಪ್ರಕರಣವೋ ಎಂದು ಹಿಂದುಮುಂದಿನ ಗರಿಗಳನ್ನು ನೋಡಿಯೇ ನಿರ್ಣಯಿಸಬೇಕು.

ಹಾಗಾದರೆ ಎಳೆನರಗಳು ಪ್ರಾಚೀನರ ಕಣ್ಣಿಗೆ ಬೀಳಲೇ ಇಲ್ಲವೇ? ಬಿದ್ದಿವೆ, ಆದರೆ ವೈದ್ಯರ ಕಣ್ಣಿಗಿಂತ ಸಾಮುದ್ರಿಕರ ಕಣ್ಣಿಗೆ ಹೆಚ್ಚಾಗಿ ಬಿದ್ದಿವೆ. ವರಾಹಮಿಹಿರನ ಬೃಹತ್ಸಂಹಿತೆಯ ಪ್ರಕಾರ ಅರಸನಾಗತಕ್ಕವನ ಪಾದಗಳು ಮೃದುವಾಗಿ, ಬೆಚ್ಚಗಾಗಿ, ನರ ಕಾಣದಂತೆ ಇರಬೇಕು. ನರಗಳು ಹಬ್ಬಿ ಒಣಗಿದ ಪಾದಗಳು ದಾರಿದ್ರ್ಯದ ಸೂಚನೆ. ಕನ್ಯಾಲಕ್ಷಣದಲ್ಲಿಯೂ ಕಣಕಾಲುಗಳಿಗೆ ‘ವಿಶಿರೆ’ ಎಂಬ ವಿಶೇಷಣವಿದೆ. ಬೌದ್ಧರು ಎಣಿಸುವ ಎಂಬತ್ತು ಅನುವ್ಯಂಜನಗಳಲ್ಲಿ ‘ಗೂಢಶಿರ’, ‘ನಿರ್ಗ್ರಂಥಿಶಿರ’ ಎಂಬವು ಸೇರಿವೆ. ನರಗಳು ಮರೆಯಾಗಿರುವವನು, ನರಗಳಲ್ಲಿ ಗಂಟಿಲ್ಲದವನು ಎಂದು ಅವುಗಳ ಅರ್ಥ. (ಈ ‘ನಿರ್ಗ್ರಂಥಿ’ಗೂ ಜಿನಮುನಿಗಳ ‘ನಿರ್ಗ್ರಂಥ’ಕ್ಕೂ ಧಾತುಸಂಬಂಧವಿದೆಯೇ ಹೊರತು ಭಾವಸಂಬಂಧವಿಲ್ಲ.) ಅಂದರೆ ಕಾಲಿನ ನರ ಕಾಣುವುದು ಅಂದಗೇಡು ಎಂಬ ಭಾವನೆ ಆಧುನಿಕರದೇ ಅಲ್ಲ, ಅದಕ್ಕೆ ಒಂದೂವರೆ ಸಾವಿರ ವರ್ಷಗಳ ಶಾಸ್ತ್ರಾಧಾರವಿದೆ.

ಜೈನಾಗಮದಲ್ಲಿ ಇದಕ್ಕೆ ಪೂರ್ತಿ ಎದುರಾದ ದೃಷ್ಟಿ ಕಾಣುತ್ತದೆ. ಶ್ವೇತಾಂಬರ ಆಗಮಗಳು ಉಗ್ರತಪಸ್ವಿಯ ದೇಹವನ್ನು ವರ್ಣಿಸುವಾಗ ಬಳಸುವ ವಿಶೇಷಣಗಳಲ್ಲಿ ‘ಧಮನೀಸಂತತ’ ಎಂಬ ಅರ್ಥದ ಪ್ರಾಕೃತಪದವು ಮುಖ್ಯವಾದುದು. ಮೈಯೆಲ್ಲ ನರಗಳು ಹಬ್ಬಿ ಎದ್ದುಕಾಣುವವನು ಎಂದು ಅದರ ತಾತ್ಪರ್ಯ. ಭಗವತೀಸೂತ್ರದ ಸ್ಕಂದಕಮುನಿಯ ವರ್ಣನೆಯಲ್ಲಿಯೂ, ಉತ್ತರಾಧ್ಯಯನದ ಪರೀಷಹಾಧ್ಯಯನದಲ್ಲಿಯೂ ಈ ಪದ ಬರುತ್ತದೆ. ಅರಸನಲ್ಲಿ ದೋಷವಾದುದು ಮುನಿಯಲ್ಲಿ ತಪಸ್ಸಿನ ಗುರುತಾಗಿದೆ. ಆದುದರಿಂದ ಜೈನಗ್ರಂಥವೊಂದರಲ್ಲಿ ಉಬ್ಬಿದ ನರಗಳ ವರ್ಣನೆ ಸಿಕ್ಕಿದರೆ ಅದು ರೋಗವೇ, ಅಪಲಕ್ಷಣವೇ, ತಪೋಲಕ್ಷಣವೇ ಎಂಬುದನ್ನು ಸಂದರ್ಭವೇ ಹೇಳಬೇಕು.

ಚಿಕಿತ್ಸೆಯ ವಿಷಯಕ್ಕೆ ಬಂದರೆ ಸಿರಾವ್ಯಧವೇ ಪ್ರಧಾನ. ಕಾಯಚಿಕಿತ್ಸೆಗೆ ಬಸ್ತಿಯು ಹೇಗೋ ಶಲ್ಯತಂತ್ರಕ್ಕೆ ಸಿರಾವ್ಯಧವು ಹಾಗೆ ಅರ್ಧ ಚಿಕಿತ್ಸೆಯೆಂದು ಸುಶ್ರುತನು ಹೇಳಿರುವುದು ಪ್ರಸಿದ್ಧ. ಅವನ ಎಣಿಕೆಯಲ್ಲಿ ದೇಹದ ಸಿರೆಗಳು ೭೦೦. ಅವುಗಳಲ್ಲಿ ಕೈಕಾಲುಗಳಲ್ಲಿ ೪೦೦, ಕೋಷ್ಠದಲ್ಲಿ ೧೩೬, ಕೊರಳಿನಿಂದ ಮೇಲೆ ೧೬೪. ಎಂದರೆ ಒಂದು ಕಾಲಿಗೆ ನೂರು. ಆ ನೂರರಲ್ಲಿ ಜಾಲಧರಾ ಎಂಬುದೊಂದು, ಒಳಗಿನವು ಮೂರು, ಹೀಗೆ ನಾಲ್ಕನ್ನು ಚುಚ್ಚಬಾರದು. ಇಡೀ ದೇಹದಲ್ಲಿ ಅವೇಧ್ಯವಾದವು ೯೮. ಕಾಲಿನ ಸಿರೆಯನ್ನು ಚುಚ್ಚುವಾಗ ಆ ಪಾದವನ್ನು ಸಮನೆಲದ ಮೇಲೆ ಊರಿಸಿ, ಇನ್ನೊಂದು ಕಾಲನ್ನು ತುಸು ಮಡಿಸಿ ಎತ್ತರದಲ್ಲಿರಿಸಿ, ಮೊಣಕಾಲಿನ ಕೆಳಗೆ ಬಟ್ಟೆ ಸುತ್ತಿ, ಹರಡಿನವರೆಗೆ ಕೈಯಿಂದ ಒತ್ತಿ, ವ್ಯಧಸ್ಥಾನಕ್ಕೆ ನಾಲ್ಕಂಗುಲ ಮೇಲೆ ಕಟ್ಟು ಬಿಗಿಯಬೇಕು. ಮಾಂಸಲವಾದ ಎಡೆಯಲ್ಲಿ ಒಂದು ಜವೆಯಷ್ಟು ಆಳ. ಹೊರಹೋಗುವ ರಕ್ತದ ಪರಮಾವಧಿ ಒಂದು ಪ್ರಸ್ಥ. ಈ ವಿವರಗಳ ಖಚಿತತೆಯನ್ನು ಗಮನಿಸಿದರೆ ಇವು ಕೇವಲ ಓದಿನಿಂದ ಬಂದುವಲ್ಲ, ಕೈಯಿಂದ ಬಂದುವು ಎಂಬುದು ಸ್ಪಷ್ಟ. ಫಲವೆಷ್ಟಿತ್ತು ಎಂಬುದು ಬೇರೆ ಪ್ರಶ್ನೆ. ಕವಾಟದ ದೋಷ ಹಾಗೆಯೇ ಉಳಿದರೆ ಬರಿದಾದ ಸಿರೆ ಮತ್ತೆ ತುಂಬುತ್ತದೆ. ರಕ್ತವನ್ನು ಹೊರಹಾಕುವುದರಿಂದ ಉಬ್ಬುನರ ಮಾಯವಾಗುವುದಿಲ್ಲವೆಂಬುದು ಇಂದು ತಿಳಿದ ಸಂಗತಿ.

ಈ ‘ಅರ್ಧ ಚಿಕಿತ್ಸೆ’ಯನ್ನು ಜೈನವೈದ್ಯರು ಹೇಗೆ ನೋಡಿದರು? ಉಗ್ರಾದಿತ್ಯಾಚಾರ್ಯನು ಕಲ್ಯಾಣಕಾರಕದಲ್ಲಿ ತನಗಿಂತ ಹಿಂದಿನ ಜೈನವೈದ್ಯಾಚಾರ್ಯರನ್ನು ಅಂಗವಾರಾಗಿ ಸ್ಮರಿಸಿದ್ದಾನೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಉಗ್ರಗ್ರಹಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರು, ಬಾಲಚಿಕಿತ್ಸೆಗೆ ಮೇಘನಾದರು, ರಸಾಯನಾದಿಗಳಿಗೆ ಸಿಂಹನಾದರು. ಸಮಂತಭದ್ರರು ಅಷ್ಟಾಂಗಗಳನ್ನೂ ವಿಸ್ತಾರವಾಗಿ ಹೇಳಿದ್ದನ್ನು ತಾನು ಸಂಗ್ರಹಿಸಿದೆನೆಂದೂ ಅವನ ಮಾತು. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ೧೯೪೦ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದಸಹಿತ ಈ ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ನಾಮಾವಳಿ ಪದೇ ಪದೇ ಉಲ್ಲೇಖಗೊಂಡಿದೆ. ಆದರೆ ಅದನ್ನು ಹೆಮ್ಮೆಯ ಪಟ್ಟಿಯಾಗಿ ಓದಿದಷ್ಟು ನಷ್ಟದ ಪಟ್ಟಿಯಾಗಿ ಓದಿದ್ದು ಕಡಿಮೆ. ಸಿರಾವ್ಯಧ, ಗ್ರಂಥಿ, ವ್ರಣಗಳಿಗೆಲ್ಲ ಆಕರವಾಗಬೇಕಿದ್ದ ಪಾತ್ರಸ್ವಾಮಿಯ ಶಲ್ಯತಂತ್ರವು ಹೆಸರಿನಿಂದ ಮಾತ್ರ ಉಳಿದಿದೆ. ಪೂಜ್ಯಪಾದರ ವೈದ್ಯಗ್ರಂಥದ ಸಂಸ್ಕೃತಮೂಲವೂ ಇದೇ ಗತಿಯನ್ನು ಹೊಂದಿದೆ.

ಆದರೂ ಪೂಜ್ಯಪಾದರ ಅಭಿಪ್ರಾಯ ಪೂರ್ತಿಯಾಗಿ ಮರೆಯಾಗಿಲ್ಲ. ಅದು ವೈದ್ಯಗ್ರಂಥದಲ್ಲಿ ಅಲ್ಲ, ಸರ್ವಾರ್ಥಸಿದ್ಧಿಯಲ್ಲಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯದ ಆಸ್ರವಕಾರಣಗಳನ್ನು ವಿವರಿಸುವಾಗ ಒಂದು ಆಕ್ಷೇಪವನ್ನು ಅವರು ಎತ್ತಿಕೊಳ್ಳುತ್ತಾರೆ. ದುಃಖವನ್ನುಂಟುಮಾಡುವುದೇ ಪಾಪವಾದರೆ ಕೇಶಲೋಚ, ಉಪವಾಸಗಳೂ ಪಾಪವಾಗಬೇಕಲ್ಲವೇ ಎಂಬುದು ಆಕ್ಷೇಪ. ಅದಕ್ಕೆ ಅವರು ಕೊಡುವ ದೃಷ್ಟಾಂತ ವೈದ್ಯನದು. ಪರಮಕರುಣೆಯಿಂದ ಕೂಡಿದ, ನಿಃಶಲ್ಯನಾದ ವೈದ್ಯನು ಸಂಯತನೊಬ್ಬನ ದೇಹದ ಗಡ್ಡೆಯನ್ನು ಸೀಳುವಾಗ ನೋವಿಗೆ ನಿಮಿತ್ತನಾದರೂ, ಕೇವಲ ಬಾಹ್ಯನಿಮಿತ್ತದಿಂದ ಅವನಿಗೆ ಪಾಪಬಂಧವಾಗುವುದಿಲ್ಲ. ಶಸ್ತ್ರವೈದ್ಯನನ್ನೇ ದೃಷ್ಟಾಂತವಾಗಿ ಆರಿಸಿರುವುದೂ, ಅವನಿಗೆ ‘ನಿಃಶಲ್ಯ’ನೆಂಬ ವಿಶೇಷಣ ಕೊಟ್ಟಿರುವುದೂ ವೈದ್ಯಶಾಸ್ತ್ರದ ಪರಿಚಯವಿದ್ದವರ ಮಾತಿನಂತಿದೆ. ಸಿರೆಯನ್ನು ಚುಚ್ಚುವುದಕ್ಕೆ ಜೈನವೈದ್ಯನಿಗೆ ಸೈದ್ಧಾಂತಿಕ ಅಡ್ಡಿಯಿರಲಿಲ್ಲವೆಂದು ತೋರಿಸಲು ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ.

ಜಿಗಣೆಯ ವಿಷಯ ಹೀಗಲ್ಲ. ಅರಸರು, ಬಾಲಕರು, ವೃದ್ಧರು, ಅಂಜುವವರು, ದುರ್ಬಲರು, ಸ್ತ್ರೀಯರು, ಸುಕುಮಾರರು ಇವರಿಗೆ ಜಲೌಕೆಯೇ ಅತಿ ಮೃದುವಾದ ರಕ್ತಮೋಕ್ಷಣೋಪಾಯವೆಂದು ಸುಶ್ರುತನ ಮತ. ಹನ್ನೆರಡು ಬಗೆಯ ಜಿಗಣೆಗಳಲ್ಲಿ ಆರು ವಿಷವುಳ್ಳವು, ಆರು ನಿರ್ವಿಷವಾದವು. ಅವುಗಳನ್ನು ಹಸಿ ಚರ್ಮವೊಡ್ಡಿ ಹಿಡಿಯಬೇಕು. ಕೆರೆಯ ನೀರು, ಕೆಸರು ಹಾಕಿದ ಹೊಸ ಮಡಕೆಯಲ್ಲಿ ಸಾಕಬೇಕು. ಪಾಚಿ, ಜಲಕಂದಗಳ ಜೊತೆಗೆ ಒಣಮಾಂಸದ ಪುಡಿಯನ್ನೂ ತಿನ್ನಿಸಬೇಕು. ರಕ್ತ ಹೀರಿ ಬಿದ್ದ ಜಿಗಣೆಯ ಬಾಯಿಗೆ ಎಣ್ಣೆ ಉಪ್ಪು ಸವರಿ, ಬಾಲದಿಂದ ಬಾಯಿಯ ಕಡೆಗೆ ನೀವಿ ಕಕ್ಕಿಸಬೇಕು. ಸರಿಯಾಗಿ ಕಕ್ಕದಿದ್ದರೆ ಅದಕ್ಕೆ ‘ಇಂದ್ರಮದ’ವೆಂಬ ಅಸಾಧ್ಯವ್ಯಾಧಿ ಬರುವುದೆಂದು ಸುಶ್ರುತನೇ ಹೇಳುತ್ತಾನೆ. ಚಿಕಿತ್ಸೆಯ ಉಪಕರಣವಾದ ಜೀವಿಗೂ ಕೇಡುಂಟೆಂಬುದನ್ನು ಮೂಲಗ್ರಂಥವೇ ಒಪ್ಪಿಕೊಂಡಂತಾಯಿತು.

ಜೈನರ ಜೀವವಿಭಾಗದಲ್ಲಿ ಜಿಗಣೆಯು ಕೃಮಿ ಶಂಖಗಳ ಸಾಲಿನ ದ್ವೀಂದ್ರಿಯ ತ್ರಸಜೀವ. ಪೂಜ್ಯಪಾದರ ದೃಷ್ಟಾಂತವು ರೋಗಿಯ ನೋವಿಗೆ ಸಮಾಧಾನ ಹೇಳುತ್ತದೆಯೇ ಹೊರತು ಮೂರನೆಯ ಜೀವಿಯ ನೋವಿಗಲ್ಲ. ರೋಗಿಯ ಹಿತವೇ ಅವನ ನೋವಿಗೆ ಸಮರ್ಥನೆ. ಜಿಗಣೆಗೆ ಅಂತಹ ಹಿತ ಯಾವುದೂ ಇಲ್ಲ. ಗೃಹಸ್ಥವೈದ್ಯನಿಗೆ ಇದು ಸಂಕಲ್ಪೀ ಹಿಂಸೆಯಲ್ಲ, ಉದ್ಯೋಗೀ ಹಿಂಸೆ ಎಂದು ವಾದಿಸಲು ಅವಕಾಶವಿದೆ. ಆದರೆ ಒಣಮಾಂಸ ತಿನ್ನಿಸುವ ಕ್ರಮಕ್ಕೆ ಆ ವಾದದಿಂದ ರಕ್ಷಣೆ ಸಿಗುವುದು ಕಷ್ಟ. ಮಾಂಸಭಕ್ಷಣದ ನಿರರ್ಥಕತೆಯನ್ನು ನೃಪತುಂಗನ ಸಭೆಯಲ್ಲಿ ವೈದ್ಯವಿದ್ವಾಂಸರ ಎದುರಿಗೆ ಪ್ರತಿಪಾದಿಸಿ, ಅದನ್ನು ‘ಹಿತಾಹಿತಾಧ್ಯಾಯ’ವೆಂದು ಕಲ್ಯಾಣಕಾರಕಕ್ಕೆ ಸೇರಿಸಿದ ಉಗ್ರಾದಿತ್ಯನ ಪರಂಪರೆಗೆ ಜಿಗಣೆಯ ಆಹಾರವೂ ಪ್ರಶ್ನೆಯೇ. ಕಥಾಸಾಹಿತ್ಯದ ಸಾಕ್ಷ್ಯವೂ ಇದೇ ಕಡೆಗೆ ವಾಲುತ್ತದೆ. ಹೇಮಚಂದ್ರನ ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ವೃಷಭನಾಥನ ಪೂರ್ವಭವದ ಜೀವಾನಂದನೆಂಬ ವೈದ್ಯನು ಕೃಮಿಕುಷ್ಠದಿಂದ ಬಳಲುವ ಮುನಿಗೆ ಲಕ್ಷಪಾಕತೈಲವನ್ನು ಪೂಸಿ, ಹೊರಬಂದ ಕ್ರಿಮಿಗಳನ್ನು ರತ್ನಕಂಬಳದಿಂದ ತೆಗೆದು, ಅವು ಸಾಯದಂತೆ ಸತ್ತ ಹಸುವಿನ ಮೇಲೆ ಬಿಡುತ್ತಾನೆ. ರೋಗಕಾರಕವಾದ ಕ್ರಿಮಿಗೇ ಇಷ್ಟು ದಾಕ್ಷಿಣ್ಯವಿರುವಾಗ, ಚಿಕಿತ್ಸೆಗೆಂದು ಹಿಡಿದುತಂದ ಜಿಗಣೆಗೆ ಅದಕ್ಕಿಂತ ಕಡಿಮೆ ಸಲ್ಲದು. ಮುನಿಗಳಿಗಂತೂ ರೋಗವೇ ಒಂದು ಪರೀಷಹ. ಚಿಕಿತ್ಸೆಯ ಹೊಣೆ ಔಷಧದಾನ ಮಾಡುವ ಶ್ರಾವಕನದು.

ಇದೇ ನರಗಳಿಗೆ ಇತರ ದೇಶಗಳಲ್ಲಿ ನಡೆದ ಚಿಕಿತ್ಸೆಯು ಬಹುಮಟ್ಟಿಗೆ ಶಸ್ತ್ರದ ಕಥೆ. ರೋಮಿನ ಕೆಲ್ಸಸ್ ಸುಡುವುದನ್ನೂ ಕಿತ್ತುತೆಗೆಯುವುದನ್ನೂ ಹೇಳಿದ್ದಾನೆ. ಸೇನಾಪತಿ ಮಾರಿಯಸ್ ತನ್ನ ಒಂದು ಕಾಲಿನ ಉಬ್ಬುನರಗಳನ್ನು ಕಟ್ಟಿಹಾಕಿಸಿಕೊಳ್ಳದೆಯೇ ಕುಯ್ಯಿಸಿಕೊಂಡು, ಗುಣವು ನೋವಿಗೆ ಸಮನಲ್ಲವೆಂದು ಇನ್ನೊಂದು ಕಾಲನ್ನು ಕೊಡಲೊಲ್ಲದೆ ಹೋದುದನ್ನು ಪ್ಲೂಟಾರ್ಕ್ ಬರೆದಿದ್ದಾನೆ. ೧೬೦೩ರಲ್ಲಿ ಫ್ಯಾಬ್ರೀಷಿಯಸ್ ಸಿರೆಗಳ ಕವಾಟಗಳನ್ನು ವರ್ಣಿಸಿದ ಮೇಲೆ, ೧೬೨೮ರಲ್ಲಿ ಅವನ ಶಿಷ್ಯ ಹಾರ್ವೆ ರಕ್ತಪರಿಚಲನೆಯನ್ನು ಸ್ಥಾಪಿಸಿದ ಮೇಲೆ ಕಾರಣದ ಅರಿವು ಮೂಡಿತು. ಇಪ್ಪತ್ತನೆಯ ಶತಮಾನದಲ್ಲಿ ಸಿರೆಯೊಳಗೆ ದ್ರವ ಚುಚ್ಚಿ ಅದರ ಗೋಡೆಗಳನ್ನು ಬೆಸೆದು ಮುಚ್ಚುವ ವಿಧಾನ ಬಳಕೆಗೆ ಬಂದಿತು. ಎಳೆನರಗಳಿಗೆ ಇಂದು ಇದೇ ಮುಖ್ಯ ಚಿಕಿತ್ಸೆ. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಅಥವಾ ಪಾಲಿಡೊಕನಾಲನ್ನು ಅತಿ ಸಣ್ಣ ಸೂಜಿಯಿಂದ ಹಲವು ಸಲ ಕೊಡುತ್ತಾರೆ. ಲೇಸರ್ ಕಿರಣವೂ ಬಳಕೆಯಲ್ಲಿದೆ. ಚಿಕಿತ್ಸೆಯಾದ ಎಡೆಯಲ್ಲಿ ಕಂದು ಕಲೆ ಉಳಿಯುವುದೂ, ಹೊಸ ಎಳೆಗಳು ಮೂಡುವುದೂ ಉಂಟು. ಸುಶ್ರುತನು ಸಿರೆಯನ್ನು ತೆರೆದು ಬರಿದುಮಾಡಿದರೆ ಇಂದಿನವರು ಚುಚ್ಚಿ ಮುಚ್ಚುತ್ತಾರೆ. ಸೂಜಿ ಎರಡರಲ್ಲಿಯೂ ಇದ್ದರೂ ತತ್ತ್ವ ಬೇರೆ. ಸಿರಾವ್ಯಧವೇ ಈ ವಿಧಾನದ ಪೂರ್ವರೂಪವೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಗೌರವ ತರುವ ಕೆಲಸವಲ್ಲ.

ಕನ್ನಡ ವೈದ್ಯಗ್ರಂಥಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಸು. ೧೧೫೦ರಲ್ಲಿದ್ದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದನು. ಮದ್ಯಮಾಂಸಗಳಿಲ್ಲದ ಚಿಕಿತ್ಸಾಕ್ರಮ ಅವನದು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯದ ಮಹಾಗ್ರಂಥ. ಇಂತಹ ಕೃತಿಗಳ ಪ್ರತಿಗಳನ್ನು, ಅದಕ್ಕೂ ಮಿಗಿಲಾಗಿ ಹೆಸರಿಲ್ಲದ ವೈದ್ಯಸಂಗ್ರಹಗಳನ್ನು ಓದುವಾಗ ಸಿರಾಶಬ್ದವೇ ತೊಡಕಾಗುತ್ತದೆ. ಸಂಸ್ಕೃತದಲ್ಲಿಯೇ ಸಿರಾ, ಶಿರಾ ಎಂಬ ಎರಡು ರೂಪಗಳಿವೆ. ಕನ್ನಡದ ತದ್ಭವಕ್ರಮದಲ್ಲಿ ಶಕಾರವು ಸಕಾರವಾಗುವುದರಿಂದ ತಲೆ ಎಂಬರ್ಥದ ‘ಶಿರ’ವು ‘ಸಿರ’ವಾಗುತ್ತದೆ. ಹೀಗೆ ನರಕ್ಕೆ ಶಕಾರವೂ ತಲೆಗೆ ಸಕಾರವೂ ಬಂದು, ಕಾಗುಣಿತದ ದೀರ್ಘವನ್ನು ಲಿಪಿಕಾರನು ಬಿಟ್ಟರೆ, ‘ಸಿರವ್ಯಾಧಿ’ ಎಂಬುದು ಕಾಲಿನ ಉಬ್ಬುನರವೋ ತಲೆನೋವೋ ತಿಳಿಯದಂತಾಗುತ್ತದೆ. ಸಂಪಾದಕನು ‘ಶಿರೋವ್ಯಾಧಿ’ ಎಂದು ತಿದ್ದಿಬಿಟ್ಟರೆ ಪಾಠವು ನಿರ್ದುಷ್ಟವಾಗಿ ಕಾಣುತ್ತದೆ, ಅರ್ಥವು ಕೆಡುತ್ತದೆ. ಅಡಿಟಿಪ್ಪಣಿಯಲ್ಲಿ ಮೂಲಪಾಠವನ್ನು ಉಳಿಸದೆ ಇಂತಹ ತಿದ್ದುಪಡಿ ಮಾಡುವುದು ಅಕ್ಷಮ್ಯ.

ದೇಸೀ ಪದವಾದ ‘ನರ’ವೂ ನಂಬಲರ್ಹವಲ್ಲ. ಆಡುಮಾತಿನಲ್ಲಿ ಅದು ರಕ್ತನಾಳಕ್ಕೂ, ಸ್ನಾಯುವಿಗೂ, ಸಂವೇದನಾತಂತುವಿಗೂ ಸಲ್ಲುತ್ತದೆ. ಅದರ ನೆರೆಯಲ್ಲಿಯೇ ‘ನಾರು’ ಇದೆ. ಕಾಲಿನಿಂದ ದಾರದಂತಹ ಹುಳು ಹೊರಬರುವ ನಾರುಹುಣ್ಣು ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ಸೀಮೆಗೆ ಚಿರಪರಿಚಿತ ಪಿಡುಗಾಗಿತ್ತು. ವೃಂದನ ಸಿದ್ಧಯೋಗದಲ್ಲಿ ಅದಕ್ಕೆ ‘ಸ್ನಾಯುಕ’ವೆಂದು ಹೆಸರು. ಭಾರತದಲ್ಲಿ ಅದರ ಕೊನೆಯ ರೋಗಿ ಕಂಡುಬಂದುದು ೧೯೯೬ರಲ್ಲಿ. ೨೦೦೦ದಲ್ಲಿ ದೇಶವು ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಇಂದಿನ ಓದುಗನು ಆ ಹುಣ್ಣನ್ನು ಕಂಡವನಲ್ಲ. ಕಾಲು, ಎಳೆ, ದಾರ, ನಾರು ಎಂಬ ಮಾತುಗಳು ಒಂದೇ ಗರಿಯಲ್ಲಿ ಕಂಡರೆ ಅವನ ಮನಸ್ಸು ತನಗೆ ಪರಿಚಿತವಾದ ಎಳೆನರಗಳ ಕಡೆಗೆ ಹರಿಯುವುದು ಸಹಜ. ಗರಿಯಲ್ಲಿ ಬೊಕ್ಕೆ, ಉರಿ, ಹುಳುವನ್ನು ಕಡ್ಡಿಗೆ ಸುತ್ತಿ ದಿನವೂ ಸ್ವಲ್ಪಸ್ವಲ್ಪವೇ ಎಳೆಯುವುದು, ಅದು ತುಂಡಾಗದಂತೆ ಕಾಯುವುದು ಇವುಗಳ ಪ್ರಸ್ತಾಪವಿದ್ದರೆ ಅದು ನಾರುಹುಣ್ಣು. ನಡಿಗೆ, ಆಯಾಸ, ವಾತ, ಗಂಟು, ವಕ್ರತೆಗಳ ಮಾತಿದ್ದು ಮುಳ್ಳುಗೋರಂಟೆಯ ತೈಲವನ್ನು ಹೇಳಿದ್ದರೆ ವಾಗ್ಭಟನ ಸಿರಾಗ್ರಂಥಿಯ ಜಾಡು. ಎರಡೂ ಇಲ್ಲದೆ ಬರಿಯ ‘ಕಾಲ ನರ’ವೆಂದಿದ್ದರೆ ಸೂಚಿಯಲ್ಲಿಯೂ ‘ಕಾಲ ನರ’ವೆಂದೇ ಬರೆದು, ಗರಿಯ ಸಂಖ್ಯೆಯನ್ನೂ ಔಷಧದ್ರವ್ಯಗಳ ಹೆಸರುಗಳನ್ನೂ ಕಂಡಂತೆಯೇ ಗುರುತಿಸಿಡಬೇಕು.